ಪ್ರಾಸ್ಟೇಟ್ ಬಯಾಪ್ಸಿ: ಸೂಜಿಯದು 20 ನಿಮಿಷ, ಎಚ್ಚರ 5 ದಿನ

ಪ್ರಶ್ನೆ: ಡಾಕ್ಟ್ರೇ, ನನಗೆ 64 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ತೋಟದಲ್ಲೇ ಮನೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ ಅಂತ ತೋರಿಸಿದೆ. ಪಿಎಸ್‌ಎ 8.6 ಬಂತು. ತಿಂಗಳು ಬಿಟ್ಟು ಮಾಡಿಸಿದರೂ 8.4. ಎಂಆರ್‌ಐಯಲ್ಲಿ ಪೈ-ರಾಡ್ಸ್ 4, ಗ್ರಂಥಿಯ ಗಾತ್ರ 45 ಎಂಎಲ್ ಅಂತ ಬರೆದಿದ್ದಾರೆ. ಮೈಸೂರಿನಲ್ಲಿ ಬಯಾಪ್ಸಿಗೆ ಹೇಳಿದ್ದಾರೆ. ನನಗೆ ಶುಗರ್ ಇದೆ. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದೇನೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ನಮ್ಮ ಭಾವ ಹೇಳುತ್ತಾರೆ. ಎಂಆರ್‌ಐ ಒಂದೇ ಸಾಲದಾ? ನೋವು ತುಂಬಾ ಇರುತ್ತಾ? ಆಮೇಲೆ ಗಂಡಸುತನಕ್ಕೆ ತೊಂದರೆ ಆಗುತ್ತಾ? ರೊಬಸ್ಟಾ ಕುಯ್ಲು ಈಗಷ್ಟೇ ಶುರುವಾಗಿದೆ, ಮುಗಿದ ಮೇಲೆ ಹೋದರೆ ಆಗಲ್ವಾ? ಮನೆಯವಳಿಗೆ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮನೆಯವರಿಗೆ ಹೇಳಿ. ಇವತ್ತೇ ಹೇಳಿ.

ಇದು ಬರೀ ಸಮಾಧಾನದ ಮಾತಲ್ಲ. ಬಯಾಪ್ಸಿ ಅಂದರೆ ಗ್ರಂಥಿಯಿಂದ ಸೂಜಿಯಲ್ಲಿ ಮಾಂಸದ ಸಣ್ಣ ಎಳೆಗಳನ್ನು ತೆಗೆದು ಪರೀಕ್ಷಿಸುವುದು. ಇದರಲ್ಲಿ ಸೂಜಿಯ ಕೆಲಸ 15–20 ನಿಮಿಷಕ್ಕೆ ಮುಗಿಯುತ್ತದೆ. ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಆಮೇಲಿನ ನಾಲ್ಕೈದು ದಿನ ನಿಮ್ಮನ್ನು ನೋಡಿಕೊಳ್ಳುವವರು ಮನೆಯಲ್ಲಿ ಇರಬೇಕು. ರಾತ್ರಿ ಚಳಿ ಬಂದು ಮೈ ನಡುಗಿದರೆ "ಇದು ಮಾಮೂಲಿ ಚಳಿ ಅಲ್ಲ, ಎದ್ದೇಳಿ, ಆಸ್ಪತ್ರೆಗೆ ಹೋಗೋಣ" ಅನ್ನುವವರು ಬೇಕು. ವಿಷಯವೇ ಗೊತ್ತಿಲ್ಲದಿದ್ದರೆ ಅವರು ಕಂಬಳಿ ಹೊದೆಸಿ, ಕರಿಮೆಣಸಿನ ಕಷಾಯ ಕಾಯಿಸಿ ಕೊಟ್ಟು ಮಲಗಿಸುತ್ತಾರೆ. ಅವರ ತಪ್ಪಲ್ಲ.

ಹಿಂದೆ ನಾನು ನೋಡಿದ ಒಬ್ಬರು ಹೀಗೇ ಮಾಡಿದ್ದರು. ನಿಮ್ಮ ಕಡೆಯ ತೋಟದವರೇ. ಬಯಾಪ್ಸಿ ಮಾಡಿಸಿಕೊಂಡು ಅದೇ ದಿನ ಊರಿಗೆ ಹೋದರು. ಮೂರನೇ ದಿನ ರಾತ್ರಿ ಜ್ವರ ಬಂತು. ಮನೆಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಜ್ವರದ ಮಾತ್ರೆ ನುಂಗಿ ಮಲಗಿದರು. ನಡುಕ ಜಾಸ್ತಿಯಾದಾಗ ಹನ್ನೊಂದು ಗಂಟೆ. ದಾರಿಯಲ್ಲಿ ಆನೆ ಇದೆ ಅಂತ ಸುದ್ದಿ. ಬೆಳಗಾಗಲಿ ಅಂತ ಕಾದರು. ಬೆಳಿಗ್ಗೆ ಆಸ್ಪತ್ರೆಗೆ ಬಂದಾಗ ಬಿಪಿ ಪೂರ್ತಿ ಬಿದ್ದುಹೋಗಿತ್ತು. ಐಸಿಯುನಲ್ಲಿ ಇಟ್ಟು ಉಳಿಸಿಕೊಂಡೆವು. ಆದರೆ ಆ ಎಂಟು ಗಂಟೆ ಈಗಲೂ ನನ್ನನ್ನು ಕಾಡುತ್ತದೆ. ಹೊರಡುವಾಗ ನಾನು ಒಂದು ಮಾತು ಕೇಳಬೇಕಿತ್ತು: "ನಿಮ್ಮ ಮನೆಯಿಂದ ರಾತ್ರಿ ಹೊತ್ತು ಆಸ್ಪತ್ರೆಗೆ ಹೇಗೆ ಬರ್ತೀರಿ?" ಕೇಳಿರಲಿಲ್ಲ. ಅವತ್ತಿನಿಂದ ಕೊಡಗಿನಿಂದ ಬರುವ ಪ್ರತಿಯೊಬ್ಬರನ್ನೂ ಕೇಳುತ್ತೇನೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ.

ಬಯಾಪ್ಸಿ ಬೇಕೇ ಬೇಕಾ ಅನ್ನುವುದು ಮೊದಲು. ಪ್ರಾಸ್ಟೇಟ್ ಅಂದರೆ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಕೂತಿರುವ ಒಂದು ಸಣ್ಣ ಗ್ರಂಥಿ. ಹರೆಯದಲ್ಲಿ ಅಕ್ರೋಟಿನಷ್ಟು ಇರುತ್ತದೆ. ವಯಸ್ಸಾದಂತೆ ಬಹಳ ಜನಕ್ಕೆ ದಪ್ಪವಾಗುತ್ತದೆ. ನೀವು ರಾತ್ರಿ ಏಳುವುದಕ್ಕೆ ಆ ದಪ್ಪವೇ ಕಾರಣ ಇರಬಹುದು, ಶುಗರ್ ಕೂಡ ಇರಬಹುದು. ಅದಕ್ಕೂ ಕ್ಯಾನ್ಸರಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ಶುರುವಿನ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಬೇರೆ ಯಾವುದಕ್ಕೋ ಪರೀಕ್ಷೆ ಮಾಡಿಸಿದಾಗ ಪಿಎಸ್‌ಎಯಲ್ಲಿ ಸುಳಿವು ಸಿಗುತ್ತದೆ, ಅಷ್ಟೇ.

ಪಿಎಸ್‌ಎ ಅನ್ನುವುದು ಈ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್. ರಕ್ತದಲ್ಲಿ ಅದು 4ರ ಒಳಗಿದ್ದರೆ ಒಳ್ಳೆಯದು ಅನ್ನುವುದು ಹಳೆಯ ಲೆಕ್ಕ. ಆದರೆ ಕ್ಯಾನ್ಸರ್ ಒಂದರಿಂದಲೇ ಅದು ಏರುವುದಿಲ್ಲ. ಗ್ರಂಥಿ ದಪ್ಪ ಆದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಮೂತ್ರ ಕಟ್ಟಿ ಟ್ಯೂಬ್ ಹಾಕಿದ್ದರಂತೂ ಸಿಕ್ಕಾಪಟ್ಟೆ ಏರುತ್ತದೆ. ಅದಕ್ಕೇ ನಿಮ್ಮ ಡಾಕ್ಟರು ಒಂದು ತಿಂಗಳು ಬಿಟ್ಟು ಮತ್ತೆ ಮಾಡಿಸಿದ್ದು. ಒಳ್ಳೆಯ ಡಾಕ್ಟರು ಅನ್ನಿಸುತ್ತದೆ. ಒಂದು ರಿಪೋರ್ಟ್ ನೋಡಿ ಸೂಜಿ ಎತ್ತಿಕೊಳ್ಳಲಿಲ್ಲ ಅಲ್ವಾ. ಇನ್ನೊಂದು ಮಾತು: ಪ್ರಾಸ್ಟೇಟ್ ಕುಗ್ಗಿಸಲು ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಇರುವ ಮಾತ್ರೆಯನ್ನು ಆರು ತಿಂಗಳಿಗಿಂತ ಜಾಸ್ತಿ ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಂಥವರು ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ ಓದಬೇಕು. ನೀವು ಅದನ್ನು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ನಿಮ್ಮ 8.4ನ್ನು ಗ್ರಂಥಿಯ ಗಾತ್ರ 45ರಿಂದ ಭಾಗಿಸಿದರೆ ಸುಮಾರು 0.19 ಬರುತ್ತದೆ. ಇದನ್ನು ಪಿಎಸ್‌ಎ ಸಾಂದ್ರತೆ ಅನ್ನುತ್ತೇವೆ. ಇದು 0.15 ದಾಟಿದರೆ, "ಗ್ರಂಥಿ ದಪ್ಪ ಇರುವುದರಿಂದಲೇ ಪಿಎಸ್‌ಎ ಜಾಸ್ತಿ" ಅಂತ ಸುಮ್ನೆ ಕೂರುವುದಕ್ಕೆ ನಮಗೆ ಮನಸ್ಸು ಬರುವುದಿಲ್ಲ. ಜೊತೆಗೆ ಪೈ-ರಾಡ್ಸ್ 4. ಇದು 1ರಿಂದ 5ರವರೆಗಿನ ಅಂಕ. 1, 2 ಅಂದರೆ ಚಿಂತೆ ಕಡಿಮೆ. 3 ಅನುಮಾನ. 4, 5 ಅಂದರೆ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಇರುವ ಸಾಧ್ಯತೆ ಜಾಸ್ತಿ. ಆದರೆ ಇದು ಸಾಧ್ಯತೆ ಮಾತ್ರ. ಪೈ-ರಾಡ್ಸ್ 4 ಬಂದು, ಬಯಾಪ್ಸಿಯಲ್ಲಿ ಬರೀ ಹಳೆಯ ಉರಿಯೂತ ಸಿಕ್ಕವರೂ ಸಾಕಷ್ಟು ಜನ ಇದ್ದಾರೆ.

ಎಂಆರ್‌ಐ ಒಂದೇ ಸಾಲದಾ ಅಂತ ಕೇಳಿದಿರಿ. ಸಾಲದು. ಎಂಆರ್‌ಐ ನೆರಳು ತೋರಿಸುತ್ತದೆ, ಜೀವಕೋಶ ತೋರಿಸುವುದಿಲ್ಲ. ಎಲೆ ಹಳದಿಯಾಗಿದ್ದು ದೂರದಿಂದ ಕಂಡರೂ ಯಾವ ರೋಗ ಅಂತ ಬೇರು ಬಿಡಿಸಿ ನೋಡುವ ತನಕ ನೀವು ಗಿಡಕ್ಕೆ ಔಷಧಿ ಹೊಡೆಯುವುದಿಲ್ಲ ತಾನೇ? ಕ್ಯಾನ್ಸರ್ ಇದೆಯಾ ಅನ್ನುವುದಕ್ಕಿಂತ ಎಂಥದ್ದು ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ಕೆಲವಕ್ಕೆ ಚಿಕಿತ್ಸೆಯೇ ಬೇಡ. ಕೆಲವಕ್ಕೆ ತಡ ಮಾಡಬಾರದು. ಅದನ್ನು ಸೂಜಿಯಲ್ಲಿ ಬಂದ ಎಳೆ ಮಾತ್ರ ಹೇಳಬಲ್ಲದು. ಆದರೆ ಎಂಆರ್‌ಐ ಮಾಡಿಸಿದ್ದು ದಂಡ ಆಗಲಿಲ್ಲ. ಮೊದಲೆಲ್ಲ ನಾವು ಗ್ರಂಥಿಯ ಎಲ್ಲ ಕಡೆ ಅಂದಾಜಿನಲ್ಲಿ ಚುಚ್ಚುತ್ತಿದ್ದೆವು. ಈಗ ಯಾವ ಜಾಗಕ್ಕೆ ಗುರಿ ಇಡಬೇಕು ಅಂತ ಅದೇ ತೋರಿಸುತ್ತದೆ. ಹೋಗುವಾಗ ಎಂಆರ್‌ಐಯ ಸಿಡಿ ಮರೆಯಬೇಡಿ. ಬರೀ ರಿಪೋರ್ಟ್ ಹಾಳೆ ಹಿಡಿದು ಬಂದರೆ ಗುರಿ ಇಡುವುದು ಕಷ್ಟ.

ಭಾವನ ಮಾತು. ಅವರು ನಿಮ್ಮ ಮೇಲಿನ ಪ್ರೀತಿಗೆ ಹೇಳಿದ್ದಾರೆ, ಅದು ಗೊತ್ತು. ಈ ನಂಬಿಕೆ ನಮ್ಮಲ್ಲಿ ಯಾಕೆ ಬಂತು ಅನ್ನುವುದೂ ನನಗೆ ಅರ್ಥವಾಗುತ್ತದೆ. ಹಿಂದೆಲ್ಲ ಜನ ಆಸ್ಪತ್ರೆಗೆ ಬರುತ್ತಿದ್ದುದೇ ರೋಗ ಮೂಳೆಗೆ ಇಳಿದ ಮೇಲೆ. ಬೆನ್ನು ನೋವು ಅಂತ ಬರುತ್ತಿದ್ದರು. ಬಯಾಪ್ಸಿ ಆಗುತ್ತಿತ್ತು, ಹೆಸರು ಗೊತ್ತಾಗುತ್ತಿತ್ತು, ಕೆಲವು ತಿಂಗಳಲ್ಲಿ ಮನುಷ್ಯ ಹಾಸಿಗೆ ಹಿಡಿಯುತ್ತಿದ್ದರು. ನೋಡಿದವರಿಗೆ ಸೂಜಿ ಹಾಕಿದ ಮೇಲೇ ಹೀಗಾಯಿತು ಅನ್ನಿಸಿತು. ನಿಜದಲ್ಲಿ ಸೂಜಿ ಹಾಕುವ ಮೊದಲೇ ಅದು ಹರಡಿತ್ತು. ಪ್ರಾಸ್ಟೇಟ್‌ನಲ್ಲಿ ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆದದ್ದು ಜಗತ್ತಿನಲ್ಲೇ ತೀರಾ ಅಪರೂಪ. ಅದಕ್ಕೆ ಹೆದರಿ ಬಯಾಪ್ಸಿ ಬಿಡುವುದು ತಪ್ಪು ಲೆಕ್ಕ. ಸಾಧ್ಯವಾದರೆ ಮೈಸೂರಿಗೆ ಹೋಗುವಾಗ ಭಾವನನ್ನೇ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ ಮುಂದೆಯೇ ಅವರು ಕೇಳಲಿ.

ಇನ್ನು ನಿಮ್ಮ ಮಾತ್ರೆಗಳು. ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ.

ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಕೊಡುತ್ತಾರೆ. ನಮ್ಮಲ್ಲಿ ಇವೆರಡೂ ಸೇರಿದ ಒಂದೇ ಕ್ಯಾಪ್ಸೂಲ್ ಸಿಗುತ್ತದೆ. ಕೆಲವದರಲ್ಲಿ ಕೊಲೆಸ್ಟ್ರಾಲ್ ಮಾತ್ರೆಯೂ ಸೇರಿರುತ್ತದೆ. "ನಾನು ಒಂದೇ ಮಾತ್ರೆ ತೆಗೆದುಕೊಳ್ಳುವುದು" ಅಂತ ಜನ ಹೇಳುತ್ತಾರೆ, ನೋಡಿದರೆ ಅದರೊಳಗೆ ಮೂರು ಔಷಧಿ. ಆದ್ದರಿಂದ ಹೆಸರು ಹೇಳಬೇಡಿ, ಸ್ಟ್ರಿಪ್ಪನ್ನೇ ತೋರಿಸಿ. ಕಡಿಮೆ ಡೋಸಿನ ಆಸ್ಪಿರಿನ್ ಮುಂದುವರಿಸಿಕೊಂಡೇ ಹೆಚ್ಚಿನ ಕಡೆ ಬಯಾಪ್ಸಿ ಮಾಡುತ್ತಾರೆ. ಕ್ಲೋಪಿಡೋಗ್ರೆಲ್ ಅನ್ನು ಸಾಮಾನ್ಯವಾಗಿ 5–7 ದಿನ ಮೊದಲು ನಿಲ್ಲಿಸುತ್ತಾರೆ. ಆದರೆ ನಿಲ್ಲಿಸಬೇಕಾ, ಎಷ್ಟು ದಿನ ಅನ್ನುವುದನ್ನು ಹೃದಯದ ಡಾಕ್ಟರೇ ಹೇಳಬೇಕು. ಅವರ ಕೈಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ. ಮೂತ್ರದಲ್ಲಿ ಸ್ವಲ್ಪ ರಕ್ತ ಹೋದರೆ ನಾವು ನಿಭಾಯಿಸಬಹುದು. ಸ್ಟೆಂಟ್ ಕಟ್ಟಿಕೊಂಡರೆ ಅದು ಜೀವದ ಪ್ರಶ್ನೆ. ಬಯಾಪ್ಸಿ ಆದ ಮೇಲೆ ಯಾವ ದಿನದಿಂದ ಮತ್ತೆ ಶುರು ಮಾಡಬೇಕು ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆಸಿ. ನಿಲ್ಲಿಸಿದ್ದು ನೆನಪಿದ್ದು, ಶುರು ಮಾಡುವುದು ಮರೆತುಹೋದವರನ್ನು ನಾನು ನೋಡಿದ್ದೇನೆ.

ಶುಗರ್ ಇರುವವರಿಗೆ ಸೋಂಕಿನ ಅಪಾಯ ಸ್ವಲ್ಪ ಜಾಸ್ತಿ. ಬಯಾಪ್ಸಿಗೆ ಮೊದಲು ಮೂತ್ರ ಪರೀಕ್ಷೆ ಆಗಬೇಕು. ಅದರಲ್ಲಿ ಸೋಂಕು ಕಂಡರೆ ಮೊದಲು ಅದನ್ನು ವಾಸಿ ಮಾಡಿಕೊಂಡು, ಆಮೇಲೆ ಸೂಜಿ. ಇನ್ನೊಂದು ವಿಷಯವನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾವೇ ಕೆದಕಿ ಕೇಳಬೇಕು: ಹೋದ ಆರು ತಿಂಗಳಲ್ಲಿ ಯಾವುದಾದರೂ ಆಂಟಿಬಯೋಟಿಕ್ ನುಂಗಿದ್ದೀರಾ? ಹೊಟ್ಟೆ ಕೆಟ್ಟಿತು ಅಂತ ಪೇಟೆಯ ಮೆಡಿಕಲ್ಲಿನಿಂದ ತಂದ ಸಿಪ್ರೊಫ್ಲಾಕ್ಸಾಸಿನ್ ಕೂಡ ಲೆಕ್ಕಕ್ಕೆ ಬರುತ್ತದೆ. ಆ ಗುಂಪಿನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಬಹಳ ಇವೆ. ಇತ್ತೀಚೆಗೆ ಅದನ್ನು ತಿಂದವರ ಕರುಳಿನಲ್ಲಿ ಅವು ಇರುವ ಸಂಭವ ಜಾಸ್ತಿ. ಗೊತ್ತಿದ್ದರೆ ನಿಮ್ಮ ಡಾಕ್ಟರು ಬೇರೆ ಔಷಧಿ ಆರಿಸುತ್ತಾರೆ.

ಈಗ ಸೂಜಿಯ ವಿಷಯ. ದಾರಿ ಎರಡು. ಹಳೆಯದು ಗುದದ್ವಾರದ ಮೂಲಕ. ಹೊಸದಾಗಿ ಜಾಸ್ತಿ ಬಳಕೆಗೆ ಬರುತ್ತಿರುವುದು ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದ ಮೂಲಕ. ಎರಡರಲ್ಲೂ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಅಲ್ಟ್ರಾಸೌಂಡ್ ಕಡ್ಡಿಯನ್ನು ಗುದದ್ವಾರದ ಒಳಗೆ ಇಡುತ್ತಾರೆ. ಗ್ರಂಥಿ ಅದರಲ್ಲೇ ಕಾಣುವುದು. ವ್ಯತ್ಯಾಸ ಇರುವುದು ಸೂಜಿ ಹೋಗುವ ಹಾದಿಯಲ್ಲಿ. ಗುದನಾಳದ ಗೋಡೆ ದಾಟಿ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಗೆ ಹೋಗಬಹುದು. ಚರ್ಮದ ಮೂಲಕವಾದರೆ ಆ ಭಯ ತುಂಬಾ ಕಡಿಮೆ. ಗುದದ್ವಾರದ ದಾರಿಯಲ್ಲಿ ನೂರರಲ್ಲಿ ಕೆಲವರಿಗೆ ಆಸ್ಪತ್ರೆ ಸೇರುವಷ್ಟು ಜ್ವರ ಬರುತ್ತದೆ.

ನಿಮಗೆ ಶುಗರ್ ಇದೆ, ಮನೆ ತೋಟದ ನಡುವೆ ಇದೆ. ನನ್ನನ್ನು ಕೇಳಿದರೆ, ಚರ್ಮದ ಮೂಲಕ ಮಾಡುವ ಅನುಕೂಲ ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ ಅಂತ ಮೊದಲೇ ವಿಚಾರಿಸಿ. ಇದ್ದರೆ ಅದನ್ನೇ ಆರಿಸಿ. ಇಲ್ಲ ಅಂದರೆ ಅದಕ್ಕಾಗಿ ತಿಂಗಳುಗಟ್ಟಲೆ ಹುಡುಕುತ್ತಾ ಕೂರಬೇಡಿ. ಗುದನಾಳವನ್ನು ಪೊವಿಡೋನ್ ಅಯೋಡಿನ್‌ನಿಂದ ಶುಚಿ ಮಾಡಿ, ಸರಿಯಾದ ಆಂಟಿಬಯೋಟಿಕ್ ಕೊಟ್ಟು ಮಾಡಿದರೆ ಹಳೆಯ ದಾರಿಯೂ ಹೆಚ್ಚಿನವರಿಗೆ ಸುಸೂತ್ರವಾಗಿಯೇ ಮುಗಿಯುತ್ತದೆ.

ಆ ದಿನ ಹೀಗೆ ನಡೆಯುತ್ತದೆ. ಬರೀ ಆ ಜಾಗ ಮರಗಟ್ಟಿಸಿ ಮಾಡುವುದಾದರೆ ಬೆಳಿಗ್ಗೆ ಹಗುರವಾಗಿ ತಿಂದು ಹೋಗಬಹುದು. ಮಂಪರಿಗೋ ಪೂರ್ತಿ ಅರಿವಳಿಕೆಗೋ ಆದರೆ ಆರು ಗಂಟೆ ಏನೂ ತಿನ್ನುವಂತಿಲ್ಲ. ಆಗ ಶುಗರಿನ ಮಾತ್ರೆ ಅಥವಾ ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಎಡ ಮಗ್ಗುಲಾಗಿ ಮಲಗಿಸಿ, ಮಂಡಿಯನ್ನು ಎದೆಯ ಕಡೆ ಮಡಚಿಸುತ್ತಾರೆ. ಚರ್ಮದ ಮೂಲಕ ಆದರೆ ಅಂಗಾತ ಮಲಗಿಸಿ ಕಾಲುಗಳನ್ನು ಎತ್ತಿ ಕಟ್ಟೆಯ ಮೇಲೆ ಇಡುತ್ತಾರೆ. ನಾಚಿಕೆ ಆಗುತ್ತದೆ. ಆಗಲಿ. ಸುತ್ತ ಬಟ್ಟೆ ಮುಚ್ಚಿರುತ್ತಾರೆ, ಅಲ್ಲಿ ಇರುವವರಿಗೆ ಇದು ದಿನದ ಕೆಲಸ.

ಜೆಲ್ಲಿ ಹಚ್ಚಿ ಅಲ್ಟ್ರಾಸೌಂಡ್ ಕಡ್ಡಿ ಒಳಗೆ ಹೋಗುವಾಗ ಒತ್ತಿದ ಹಾಗೆ ಆಗುತ್ತದೆ. ಇಡೀ ಪರೀಕ್ಷೆಯಲ್ಲಿ ಬಹಳ ಜನ ದೂರುವುದು ಇದನ್ನೇ, ಸೂಜಿಯನ್ನಲ್ಲ. ಬಿಗಿ ಹಿಡಿದರೆ ಜಾಸ್ತಿ ನೋಯುತ್ತದೆ. ಬಾಯಿ ತೆರೆದು ಉದ್ದವಾಗಿ ಉಸಿರು ಬಿಡಿ, ಮಾಂಸ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಗ್ರಂಥಿಯ ಸುತ್ತ ಮರಗಟ್ಟುವ ಔಷಧಿ ಚುಚ್ಚುತ್ತಾರೆ. ಹಲ್ಲು ಕೀಳುವ ಮುಂಚೆ ವಸಡಿಗೆ ಕೊಡುತ್ತಾರಲ್ಲ, ಅದೇ ಜಾತಿಯ ಔಷಧಿ. ಅರೆ ನಿಮಿಷ ಉರಿಯುತ್ತದೆ. ಚರ್ಮದ ಮೂಲಕ ಆದರೆ ಈ ಉರಿ ಸ್ವಲ್ಪ ಜಾಸ್ತಿ. ಕೆಲವು ನಿಮಿಷದಲ್ಲಿ ಜಾಗ ಮರಗಟ್ಟುತ್ತದೆ.

ಆಮೇಲೆ ಸೂಜಿ. ಅದು ಸ್ಪ್ರಿಂಗ್ ಇರುವ ಒಂದು ಉಪಕರಣದಲ್ಲಿ ಕೂತಿರುತ್ತದೆ. ಒತ್ತಿದರೆ 'ಟಕ್' ಅಂತ ಸದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬಂದಿರುತ್ತದೆ. ಸದ್ದಿಗೇ ಬೆಚ್ಚಿ ಬೀಳುವವರು ಜಾಸ್ತಿ. ಅದಕ್ಕೇ ನಾನು ಮೊದಲೇ ಒಂದು ಸಲ ಗಾಳಿಯಲ್ಲಿ ಸದ್ದು ಮಾಡಿ ಕೇಳಿಸುತ್ತೇನೆ. ನಿಮ್ಮ ಡಾಕ್ಟರನ್ನೂ ಕೇಳಿ ನೋಡಿ. ಎಂಆರ್‌ಐಯಲ್ಲಿ ಕಂಡ ಜಾಗದಿಂದ ಮೂರ್ನಾಲ್ಕು, ಉಳಿದ ಕಡೆಯಿಂದ ಹತ್ತು ಹನ್ನೆರಡು ಎಳೆ ತೆಗೆಯುವುದು ರೂಢಿ. ಒಂದೊಂದು ಎಳೆ ನೂಲ್‌ಪುಟ್ಟಿನ, ಅಂದರೆ ಶ್ಯಾವಿಗೆಯ, ಎಳೆಗಿಂತ ತೆಳು, ಉದ್ದ ಒಂದೂವರೆ ಸೆಂಟಿಮೀಟರ್ ಆಸುಪಾಸು. ಯಾವ ಎಳೆ ಎಲ್ಲಿಯದು ಅಂತ ಬರೆದು ಬೇರೆ ಬೇರೆ ಡಬ್ಬಿಯಲ್ಲಿ ಹಾಕುತ್ತಾರೆ. ನಡುವೆ ತಲೆ ಸುತ್ತಿದ ಹಾಗೆ, ಬೆವರಿದ ಹಾಗೆ ಆದರೆ ತಡೆದುಕೊಂಡು ಕೂರಬೇಡಿ, ಕೂಡಲೇ ಹೇಳಿ. ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಬಹುದು.

ಮುಗಿದ ಮೇಲೆ ಒಂದು ಸಲ ಮೂತ್ರ ಮಾಡಿ, ಸರಾಗವಾಗಿ ಬಂತು ಅಂತ ತೋರಿಸಿಯೇ ಹೊರಡಿ. ಚುಚ್ಚಿದ್ದಕ್ಕೆ ಗ್ರಂಥಿ ಊದಿಕೊಂಡು ಕೆಲವರಿಗೆ ಮೂತ್ರ ಕಟ್ಟುತ್ತದೆ. ನಿಮಗೆ ಮೊದಲೇ ತೊಂದರೆ ಇದೆ. ಮೂತ್ರ ಸಡಿಲ ಮಾಡುವ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರೆ ತಪ್ಪಿಸಬೇಡಿ.

ಆಮೇಲೆ ರಕ್ತ ಕಾಣುತ್ತದೆ. ಇದನ್ನು ಮೊದಲೇ ತಿಳಿದುಕೊಂಡಿರಿ, ಇಲ್ಲದಿದ್ದರೆ ಸುಮ್ನೆ ಹೆದರುತ್ತೀರಿ. ಮೂತ್ರ ಕೆಲವು ದಿನ ತಿಳಿ ಕೆಂಪಗೆ ಬರಬಹುದು, ನಿಂತು ಮತ್ತೆ ಬರಬಹುದು. ನೀರು ಚೆನ್ನಾಗಿ ಕುಡಿದರೆ ತಿಳಿಯಾಗುತ್ತದೆ. ಗುದದ್ವಾರದ ಮೂಲಕ ಮಾಡಿದ್ದರೆ ಮಲದಲ್ಲೂ ಒಂದೆರಡು ದಿನ ಸ್ವಲ್ಪ ಕಾಣುತ್ತದೆ. ವೀರ್ಯದಲ್ಲಿ ಮಾತ್ರ ಹಲವು ವಾರ ಇರುತ್ತದೆ. ಮೊದಲು ಕೆಂಪು, ಆಮೇಲೆ ತುಕ್ಕಿನ ಬಣ್ಣ, ಆಮೇಲೆ ಕಂದು. ಒಂದೂವರೆ ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಅದರಿಂದ ನಿಮಗಾಗಲಿ ಹೆಂಡತಿಗಾಗಲಿ ಕೆಡುಕಿಲ್ಲ. ಆದರೆ ಹೇಳದೆ ಇದ್ದು ಅವರು ನೋಡಿದರೆ ಗಾಬರಿಯಾಗುತ್ತಾರೆ. ಮನೆಯವರಿಗೆ ಹೇಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಗಂಡಸುತನದ ಬಗ್ಗೆ ಕೇಳಿದಿರಿ. ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಬಯಾಪ್ಸಿಯಿಂದ ಅದು ಹೋಗುವುದಿಲ್ಲ. ಕೆಲವರಿಗೆ ಕೆಲವು ವಾರ ಮೊದಲಿನ ಗಟ್ಟಿತನ ಇರುವುದಿಲ್ಲ. ಊತ, ಆತಂಕ ಎರಡೂ ಸೇರಿ ಹಾಗಾಗುತ್ತದೆ. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಒಂದು ವಾರದ ನಂತರ, ನೋವಿಲ್ಲದಿದ್ದರೆ ಗಂಡ ಹೆಂಡತಿ ಸೇರಲು ಅಡ್ಡಿಯಿಲ್ಲ. ಮುಂದೆ ಆಪರೇಷನ್ನೋ ರೇಡಿಯೇಷನ್ನೋ ಬೇಕಾದರೆ ಆಗ ಈ ಪ್ರಶ್ನೆ ಮತ್ತೆ ಕೇಳಿ. ಅಲ್ಲಿ ಉತ್ತರ ಬೇರೆ.

ಈಗ ನಾನು ಬಹಳ ಮುಖ್ಯ ಅಂದುಕೊಂಡಿರುವ ಮಾತು. ಜ್ವರ.

ಬಯಾಪ್ಸಿಯ ಸೋಂಕು ಸಾಮಾನ್ಯವಾಗಿ ಮೊದಲ ಮೂರ್ನಾಲ್ಕು ದಿನದೊಳಗೆ ತೋರಿಸಿಕೊಳ್ಳುತ್ತದೆ. ಮೈ ನಡುಗುವ ಚಳಿ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಇದ್ದಕ್ಕಿದ್ದಂತೆ ಸುಸ್ತು, ಮಾತು ತೊದಲುವುದು. ಇದರಲ್ಲಿ ಒಂದು ಕಂಡರೂ ಸಾಕು, ಗಂಟೆ ನೋಡದೆ ಹೊರಡಿ. ಜ್ವರದ ಮಾತ್ರೆ ನುಂಗಿ ನೋಡೋಣ ಅನ್ನಬೇಡಿ. ಮಾತ್ರೆ ಜ್ವರ ಇಳಿಸುತ್ತದೆ, ರಕ್ತಕ್ಕೆ ಸೇರಿದ ಸೋಂಕನ್ನು ಇಳಿಸುವುದಿಲ್ಲ. ಅದಕ್ಕೆ ರಕ್ತನಾಳಕ್ಕೆ ಕೊಡುವ ಆಂಟಿಬಯೋಟಿಕ್ಕೇ ಬೇಕು. ಅದೂ ಬೇಗ.

ಮೂತ್ರ ಪೂರ್ತಿ ಕಟ್ಟಿದರೆ, ಹೆಪ್ಪುಗಟ್ಟಿದ ರಕ್ತ ತುಂಡು ತುಂಡಾಗಿ ಬಂದರೆ, ಮಲದ ಜೊತೆ ರಕ್ತ ನಿಲ್ಲದೆ ಹೋದರೆ ಆಗಲೂ ಹೀಗೇ.

ಹಾಗಾದರೆ ಎಲ್ಲಿ ಇರಬೇಕು? ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಮಾಲ್ದಾರೆ ಮೇಲೆ ನಿಮ್ಮ ಊರಿಗೆ ಎರಡೂವರೆ ಗಂಟೆ ದಾರಿ. ಕೊನೆಯಲ್ಲಿ ಕಾಡು, ಆಮೇಲೆ ತೋಟದ ಜೀಪ್ ರಸ್ತೆ. ಆ ದಾರಿಯಲ್ಲಿ ರಾತ್ರಿ ಬರುವುದು ಅಂದರೆ ಏನು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ನೆಂಟರ ಮನೆ ಇದ್ದರೆ ಮೂರು ರಾತ್ರಿ ಅಲ್ಲೇ ಉಳಿಯಿರಿ. ಇಲ್ಲದಿದ್ದರೆ ಒಂದು ರಾತ್ರಿಯಾದರೂ ಇದ್ದು, ಆಮೇಲೆ ವಿರಾಜಪೇಟೆ ಅಥವಾ ಮಡಿಕೇರಿ ಪೇಟೆಯಲ್ಲಿ ಗೊತ್ತಿರುವವರ ಮನೆಯಲ್ಲಿ ಎರಡು ದಿನ ಇರಿ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ರಾತ್ರಿ ಹೊತ್ತೂ ಡಾಕ್ಟರು ಇರುತ್ತಾರೆ. ತೋಟದಲ್ಲೇ ಇರಲೇಬೇಕು ಅಂತಾದರೆ ಗಾಡಿ ಮನೆಯ ಮುಂದೆ ನಿಂತಿರಲಿ, ಓಡಿಸುವವರು ಮನೆಯಲ್ಲೇ ಮಲಗಲಿ. ಫೋನ್ ಸಿಗ್ನಲ್ ಯಾವ ಮೂಲೆಯಲ್ಲಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿರಲಿ. 108 ಕೂಡ ಇದೆ.

ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ: "ಈ ತಾರೀಖು ಪ್ರಾಸ್ಟೇಟ್ ಬಯಾಪ್ಸಿ ಆಗಿದೆ. ಕೊಟ್ಟ ಆಂಟಿಬಯೋಟಿಕ್ ಇದು. ಶುಗರ್ ಇದೆ, ಸ್ಟೆಂಟ್ ಇದೆ." ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ಕೊಡಿ. ಬರೀ ಜ್ವರ ಅಂದರೆ ಅವರು ಡೆಂಗಿ ಇರಬಹುದು, ಇಲಿಜ್ವರ ಇರಬಹುದು ಅಂತ ಹುಡುಕುತ್ತಾರೆ. ಈ ಹಾಳೆ ನೋಡಿದರೆ ರಕ್ತದ ಕಲ್ಚರ್‌ಗೆ ಕಳಿಸಿ ತಕ್ಷಣ ಔಷಧಿ ಶುರು ಮಾಡುತ್ತಾರೆ.

ಆ ವಾರ ಬೈಕ್ ಬೇಡ, ಜೀಪಿನಲ್ಲಿ ತೋಟ ಸುತ್ತುವುದು ಬೇಡ, ಮೂಟೆ ಎತ್ತುವುದು, ಮೆಣಸಿನ ಏಣಿ ಹತ್ತುವುದು ಬೇಡ. ಕಣದ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಲೆಕ್ಕ ನೋಡಬಹುದು. ಊಟಕ್ಕೆ ಪಥ್ಯ ಇಲ್ಲ, ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಆಂಟಿಬಯೋಟಿಕ್ ಮುಗಿದು ಮೂತ್ರ ತಿಳಿಯಾಗುವ ತನಕ ರಮ್ಮು, ಬ್ರಾಂದಿ, ಮನೆಯಲ್ಲಿ ಮಾಡಿದ ವೈನ್ ಯಾವುದೂ ಬೇಡ.

ಕುಯ್ಲು ಮುಗಿಯುವ ತನಕ ಕಾಯಬಹುದಾ? ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಿನವರಲ್ಲಿ ನಿಧಾನವಾಗಿ ಬೆಳೆಯುವಂಥದ್ದು. ಮೂರ್ನಾಲ್ಕು ವಾರದಲ್ಲಿ ಆಕಾಶ ಕಳಚಿ ಬೀಳುವುದಿಲ್ಲ. ಹೃದಯದ ಡಾಕ್ಟರನ್ನು ನೋಡಿ ಮಾತ್ರೆ ಸರಿಮಾಡಿಕೊಳ್ಳುವುದಕ್ಕೂ ಅಷ್ಟು ದಿನ ಬೇಕು. ಆದರೆ ತೋಟದವರ "ಮುಗಿದ ಮೇಲೆ" ನನಗೆ ಗೊತ್ತು. ರೊಬಸ್ಟಾ ಮುಗಿದರೆ ಮೆಣಸು, ಮೆಣಸಿನ ಜೊತೆ ಸ್ಪ್ರಿಂಕ್ಲರ್, ಹೂಮಳೆ ಬಂದರೆ ಗೊಬ್ಬರ, ಆಮೇಲೆ ಮರ ಕಪಾತು, ಅಷ್ಟರಲ್ಲಿ ಜೂನ್. ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಲೇಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲದಾದದ್ದು ನಿಮ್ಮ ಕಣ್ಣ ಮುಂದೆ ಇದೆ. ಜ್ವರ ಬಂದು ರಸ್ತೆ ಮುಚ್ಚಿದರೆ ಏನು ಮಾಡುತ್ತೀರಿ? ಈಗ ಮಳೆಯಿಲ್ಲ, ದಾರಿ ಚೆನ್ನಾಗಿದೆ. ಇವತ್ತಿನಿಂದ ನಾಲ್ಕೈದು ವಾರದೊಳಗೆ ಒಂದು ತಾರೀಖು ಹಿಡಿಯಿರಿ. ಕುಯ್ಲನ್ನು ಆ ನಾಲ್ಕು ದಿನ ತೋಟದ ಲೆಕ್ಕ ಬರೆಯುವ ರೈಟರ್ ನೋಡಿಕೊಳ್ಳಲಿ, ಇಲ್ಲವೇ ಭಾವ ನೋಡಿಕೊಳ್ಳಲಿ.

ರಿಪೋರ್ಟ್ ಬರಲು ಸಾಮಾನ್ಯವಾಗಿ ವಾರ, ಹತ್ತು ದಿನ. ಅನುಮಾನ ಇರುವ ಎಳೆಗೆ ವಿಶೇಷ ಬಣ್ಣ ಹಾಕಿ ನೋಡಬೇಕಾದರೆ ಇನ್ನೂ ಸ್ವಲ್ಪ ದಿನ. ತಡವಾದರೆ ಕೆಟ್ಟ ಸುದ್ದಿ ಅಂದುಕೊಳ್ಳಬೇಡಿ.

ಕ್ಯಾನ್ಸರ್ ಇಲ್ಲ ಅಂತ ಬಂದರೆ ಸಂತೋಷ, ಆದರೆ ಕಡತ ಮುಚ್ಚಬೇಡಿ. ಸೂಜಿ ಪಕ್ಕದಲ್ಲಿ ಹೋಗಿರಬಹುದು. ಪೈ-ರಾಡ್ಸ್ 4 ಇರುವುದರಿಂದ ಪಿಎಸ್‌ಎಯನ್ನು ಹೇಳಿದ ಸಮಯಕ್ಕೆ ಮತ್ತೆ ಮಾಡಿಸಬೇಕು, ಬೇಕಾದರೆ ಎಂಆರ್‌ಐ ಕೂಡ.

ಕ್ಯಾನ್ಸರ್ ಇದೆ ಅಂತ ಬಂದರೆ ಅದರ ಜೊತೆ, ಅದು ಎಷ್ಟು ಜೋರಿನದು ಅಂತ ಹೇಳುವ ಗ್ಲೀಸನ್ ಅಂಕ ಇರುತ್ತದೆ. ಇದನ್ನು ಶಾಲೆಯ ಮಾರ್ಕ್ಸಿನ ಹಾಗೆ ಓದಿ ಗಾಬರಿಯಾಗುವವರು ಬಹಳ. "ಹತ್ತಕ್ಕೆ ಆರು ಬಂದಿದೆ, ಅರ್ಧಕ್ಕಿಂತ ಜಾಸ್ತಿ" ಅಂತ ಒಬ್ಬರು ನನ್ನ ಮುಂದೆ ಕಣ್ಣೀರು ಹಾಕಿದ್ದರು. ನಿಜದಲ್ಲಿ ಈಗಿನ ಲೆಕ್ಕದಲ್ಲಿ 6ಕ್ಕಿಂತ ಕೆಳಗೆ ಕೊಡುವುದೇ ಇಲ್ಲ ಅನ್ನಬಹುದು. 6 ಅಂದರೆ ತೀರಾ ಸಾಧು. 3+4 ಸೇರಿ 7 ಆದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. 4+3 ಸೇರಿಯೂ 7, ಆದರೆ ಅದು ಇನ್ನೊಂದು ಮೆಟ್ಟಿಲು ಮೇಲೆ, ಯಾಕೆಂದರೆ ಮೊದಲು ಬರೆಯುವ ಅಂಕ ಹೆಚ್ಚು ಜಾಗದಲ್ಲಿ ಇರುವುದರದ್ದು. 8, 9, 10 ಜೋರು. ಈ ಗೊಂದಲ ತಪ್ಪಿಸಲು ಈಗ 1ರಿಂದ 5ರ ಗ್ರೇಡ್ ಗ್ರೂಪ್ ಕೂಡ ಬರೆಯುತ್ತಾರೆ. 6 ಅಂದರೆ ಗ್ರೂಪ್ 1.

ಗ್ರೂಪ್ 1 ಬಂದರೆ ಬಹಳ ಜನಕ್ಕೆ ಆಪರೇಷನ್ ಬೇಡವೇ ಬೇಡ. ಪಿಎಸ್‌ಎ, ಎಂಆರ್‌ಐ, ನಡುವೆ ಒಮ್ಮೆ ಬಯಾಪ್ಸಿ ಮಾಡುತ್ತಾ ಕಣ್ಣಿಟ್ಟು ಕಾಯುತ್ತೇವೆ. ಇದು ಕೈಬಿಟ್ಟದ್ದಲ್ಲ. ಬ್ರಿಟನ್‌ನಲ್ಲಿ ಗ್ರಂಥಿಯೊಳಗೇ ಇರುವ ಕ್ಯಾನ್ಸರಿನ 1643 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಬರೀ ನಿಗಾ ಅಂತ ಇಟ್ಟು ಸುಮಾರು 15 ವರ್ಷ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಈ ಕ್ಯಾನ್ಸರಿನಿಂದ ತೀರಿಕೊಂಡವರು ಒಟ್ಟು 45 ಜನ, ಅಂದರೆ ನೂರಕ್ಕೆ ಮೂವರಿಗಿಂತ ಕಡಿಮೆ. ಮೂರೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ. ನಿಗಾ ಗುಂಪಿನಲ್ಲಿ ರೋಗ ಹರಡಿದ್ದು ಸ್ವಲ್ಪ ಜಾಸ್ತಿ ಇತ್ತು, ಅದನ್ನೂ ಹೇಳಬೇಕು. ಆದರೆ ಈ ಕ್ಯಾನ್ಸರಿನ ಹೆಸರು ಕೇಳಿದ ತಕ್ಷಣ ಉಯಿಲು ಬರೆಯಲು ಕೂರುವ ಅಗತ್ಯ ಇಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ರಿಪೋರ್ಟ್ ತರಲು ಮಗನನ್ನೋ ಡ್ರೈವರನ್ನೋ ಕಳಿಸಬೇಡಿ. ಗಂಡ ಹೆಂಡತಿ ಇಬ್ಬರೂ ಹೋಗಿ, ಡಾಕ್ಟರ ಮುಂದೆ ಕೂತು ಓದಿಸಿಕೊಳ್ಳಿ. ಆಮೇಲೆ ನನಗೆ ಮತ್ತೆ ಬರೆಯಬೇಕು ಅನ್ನಿಸಿದರೆ ಮೂರು ವಿಷಯ ಬರೆದು ಕಳಿಸಿ: ಗ್ರೇಡ್ ಗ್ರೂಪ್ ಎಷ್ಟು, ತೆಗೆದ ಎಳೆಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇದೆ, ಆ ಎಳೆಯ ಎಷ್ಟು ಭಾಗದಲ್ಲಿ ಇದೆ. ಅಷ್ಟಿದ್ದರೆ ಮುಂದಿನ ದಾರಿ ಮಾತಾಡಬಹುದು.